ಇಂಜಿನಿಯರಿಂಗ್ ಕೆಲಸ, ಆಕಾಶದ ಹುಚ್ಚು: ಹಾಸನ–ಚಿಕ್ಕಮಗಳೂರಿನವರಿಗೆ ಯಾವ ದಾರಿ ಹೊಂದುತ್ತದೆ?

"ಬಿ.ಇ. ಕೊನೇ ವರ್ಷ. ಕ್ಯಾಂಪಸ್‌ನಲ್ಲಿ ಒಂದು ಕೆಲಸ ಸಿಕ್ಕಿದೆ. ಆದರೆ ನಕ್ಷತ್ರದ ಹುಚ್ಚು ಬಿಡುತ್ತಿಲ್ಲ. ಕೆಲಸಕ್ಕೆ ಸೇರಲಾ, ಇಸ್ರೋ ಪರೀಕ್ಷೆಗೆ ಓದಲಾ, ಇಲ್ಲಾ ಪಿಎಚ್‌ಡಿ ಮಾಡಲಾ?"

ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಮನೆಯಿಂದಲೇ ಕೆಲಸ ಮಾಡುತ್ತಾ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಕೂತಿರುವ ಸಾಫ್ಟ್‌ವೇರ್‌ನವರೂ ಕೇಳುತ್ತಾರೆ. ಪಿಯುಸಿ ಮಕ್ಕಳ ಅಪ್ಪ-ಅಮ್ಮ ಕೇಳುವುದೂ ಉಂಟು, ಅವರ ದನಿಯಲ್ಲಿ ಸ್ವಲ್ಪ ಗಾಬರಿ ಇರುತ್ತದೆ ಅಷ್ಟೇ.

ಉತ್ತರ ಹೇಳುವ ಮೊದಲು ಒಂದು ಗೊಂದಲ ಬಿಡಿಸಬೇಕು. ಉಪಗ್ರಹ, ರಾಕೆಟ್ಟಿನ ಕೆಲಸ ಬೇರೆ. ನಕ್ಷತ್ರ, ಗೆಲಾಕ್ಸಿಯ ಕೆಲಸ ಬೇರೆ. ಎರಡೂ ಮೇಲೆಯೇ ಇವೆ, ಹಾಗಂತ ಒಂದೇ ಅಲ್ಲ. ಹಾಸನದವರಿಗೆ ಈ ಗೊಂದಲ ಜಾಸ್ತಿ. ಸಾಲಗಾಮೆ ರಸ್ತೆಯಲ್ಲಿ ಓಡಾಡುವಾಗ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ದೊಡ್ಡ ದೊಡ್ಡ ಡಿಶ್‌ಗಳು ಕಣ್ಣಿಗೆ ಬೀಳುತ್ತವಲ್ಲ, ಅವು ಎಲ್ಲೋ ದೂರದ ಗೆಲಾಕ್ಸಿಯನ್ನು ಕೇಳಿಸಿಕೊಳ್ಳುತ್ತಿವೆ ಅಂದುಕೊಂಡವರು ಬಹಳ ಮಂದಿ. ಅದರ ವಿಷಯ ಮುಂದೆ ಹೇಳುತ್ತೇನೆ.

ಯಾವುದನ್ನು ನೋಡಿ ಅಳೆಯಬೇಕು?

ಮುಂದೆ ನಾಲ್ಕು ದಾರಿ ಹೇಳುತ್ತೇನೆ. ಅವುಗಳಲ್ಲಿ ಒಂದನ್ನು ಆರಿಸಲು ನಾನು ಐದು ವಿಷಯ ನೋಡಲು ಹೇಳುತ್ತೇನೆ. ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ. ನಿಮಗೆ ಖಗೋಳದಲ್ಲಿ ಇಷ್ಟವಾಗುವುದು ಏನು? ಕತ್ತಲಲ್ಲಿ ನಿಂತು ನೋಡುವುದಾ? ನೋಡುವ ಸಾಧನ ಕಟ್ಟುವುದಾ? ಅಥವಾ ನಕ್ಷತ್ರ ಯಾಕೆ ಸಿಡಿಯುತ್ತದೆ ಅಂತ ಲೆಕ್ಕ ಹಾಕಿ ತಿಳಿಯುವುದಾ? ಯೋಚಿಸಿ ಉತ್ತರ ಕೊಡಬೇಡಿ, ಯೋಚಿಸಿದರೆ ಎಲ್ಲರೂ ಮೂರನೆಯದನ್ನೇ ಹೇಳುತ್ತಾರೆ. ಕಳೆದ ಆರು ತಿಂಗಳಲ್ಲಿ ಯಾರೂ ಹೇಳದೆ, ಮಾರ್ಕ್ಸ್ ಇಲ್ಲದೆ ನೀವಾಗಿ ಮಾಡಿದ್ದು ಏನು ಅಂತ ನೆನಪಿಸಿಕೊಳ್ಳಿ. ಟೆರೇಸ್ ಮೇಲೆ ಹೋಗಿ ಮಲಗಿದ್ದಾ, ಸೋಲ್ಡರಿಂಗ್ ಐರನ್ ಹಿಡಿದಿದ್ದಾ, ಭೌತಶಾಸ್ತ್ರದ ಪುಸ್ತಕದಲ್ಲಿ ಲೆಕ್ಕ ಬಿಡಿಸಿದ್ದಾ? ಅದೇ ನಿಮ್ಮ ಉತ್ತರ.

ಎರಡನೆಯದು ದುಡ್ಡು. ಎಜುಕೇಶನ್ ಲೋನ್ ಇದೆಯಾ? ಮನೆಗೆ ಪ್ರತಿ ತಿಂಗಳು ಕಳಿಸಬೇಕಾ? ಮೂರನೆಯದು ಊರು. ತೋಟ, ವಯಸ್ಸಾದ ಅಪ್ಪ-ಅಮ್ಮ, ಇಲ್ಲಿಯೇ ಇರಬೇಕು ಎಂಬ ಆಸೆ, ಇವನ್ನೆಲ್ಲ ಹಗುರವಾಗಿ ನೋಡಬೇಡಿ. ನಾಲ್ಕನೆಯದು ರಾತ್ರಿ. ನಿಮ್ಮ ರಾತ್ರಿಗಳು ಯಾರ ಕೈಯಲ್ಲಿರುತ್ತವೆ? ಐದನೆಯದು, ಹಿಡಿದ ದಾರಿ ಸರಿಹೋಗದಿದ್ದರೆ ವಾಪಸ್ ಬರಲು ಎಷ್ಟು ಸುಲಭ ಎಂಬುದು.

ದಾರಿ ಒಂದು: ಕೆಲಸ ಕೆಲಸದ ಪಾಡಿಗೆ, ಆಕಾಶ ಹವ್ಯಾಸಕ್ಕೆ

ಇದನ್ನು ಸೋತವರ ದಾರಿ ಅಂತ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗ್ರೋಟ್ ರೀಬರ್ ಎಂಬ ಅಮೆರಿಕದ ರೇಡಿಯೋ ಇಂಜಿನಿಯರ್ 1937ರಲ್ಲಿ ತನ್ನ ಮನೆಯ ಹಿತ್ತಲಲ್ಲಿ ಸುಮಾರು 9 ಮೀಟರ್ ಅಗಲದ ಡಿಶ್ ಕಟ್ಟಿದ, ಅದೂ ಕೈಯಿಂದ ದುಡ್ಡು ಹಾಕಿ. ಹಗಲು ಕಂಪನಿ ಕೆಲಸ, ರಾತ್ರಿ ಆಕಾಶ. ಆಕಾಶದ ರೇಡಿಯೋ ನಕ್ಷೆ ಮೊದಲು ಮಾಡಿದವನು ಅವನೇ. ಎಷ್ಟೋ ವರ್ಷ ಆ ಕೆಲಸ ಮಾಡುತ್ತಿದ್ದವನು ಜಗತ್ತಿನಲ್ಲಿ ಹೆಚ್ಚುಕಡಿಮೆ ಅವನೊಬ್ಬನೇ.

ಈ ದಾರಿಯಲ್ಲಿ ನಮ್ಮ ಎರಡು ಜಿಲ್ಲೆಗಳಿಗೆ ಒಂದು ದೊಡ್ಡ ಲಾಭ ಇದೆ. ಕತ್ತಲು. ಬೆಂಗಳೂರಿನವರು ವಾರಾಂತ್ಯದಲ್ಲಿ ನೂರಾರು ಕಿಲೋಮೀಟರ್ ಕಾರು ಓಡಿಸಿ ಹುಡುಕುವ ಕತ್ತಲು ನಮಗೆ ಮನೆ ಹಿಂದೆಯೇ ಸಿಗುತ್ತದೆ. ನಾವು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ ಇರುವುದರಿಂದ ದಕ್ಷಿಣದ ಆಕಾಶವೂ ಚೆನ್ನಾಗಿ ಕಾಣುತ್ತದೆ. ಅಗಸ್ತ್ಯ ನಕ್ಷತ್ರ ಸರಿ, ಏಪ್ರಿಲ್–ಮೇ ರಾತ್ರಿಗಳಲ್ಲಿ ತ್ರಿಶಂಕು (ಸದರ್ನ್ ಕ್ರಾಸ್) ಪುಂಜವೂ ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ ಬರುತ್ತದೆ. ದೆಹಲಿಯವರಿಗೆ ತ್ರಿಶಂಕುವಿನ ಈ ಭಾಗ್ಯ ಇಲ್ಲ.

ಆದರೆ ಎಲ್ಲ ಕಡೆ ಒಂದೇ ಥರ ಅಲ್ಲ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ ಇದೆ, ಅಲ್ಲಿ ಅದ್ಭುತವಾಗಿ ಕಾಣಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ರಾತ್ರಿ ಹೊತ್ತು ಅಲ್ಲಿಗೆ ಬಿಡುವುದಿಲ್ಲ, ಬಿಟ್ಟರೂ ಮಂಜು ಬಿಡುವುದಿಲ್ಲ. ನನ್ನನ್ನು ಕೇಳಿದರೆ ಬಯಲುಸೀಮೆ ಕಡೆ ಮುಖ ಮಾಡಿ. ಕಡೂರು, ಅಜ್ಜಂಪುರ, ಅರಸೀಕೆರೆ ಕಡೆ ಮಳೆ ಕಡಿಮೆ, ಗಾಳಿಯಲ್ಲಿ ತೇವವೂ ಕಡಿಮೆ. ಮಲೆನಾಡಿನ ಕಡೆಯವರಾದರೆ ತೋಟದ ಕಣಕ್ಕಿಂತ ಒಳ್ಳೆ ಜಾಗ ಇಲ್ಲ. ಸಮತಟ್ಟು, ಮೇಲೆ ಮರ ಇಲ್ಲ. ತೊಂದರೆ ಒಂದೇ, ಆಕಾಶ ಶುಭ್ರವಾಗಿರುವ ಡಿಸೆಂಬರ್–ಜನವರಿಯಲ್ಲೇ ಕಣದ ತುಂಬ ಕಾಫಿ ಹರಡಿರುತ್ತದೆ. ಮನೆಯವರನ್ನು ಒಂದು ಮೂಲೆ ಕೇಳಿ ಪಡೆಯಿರಿ. ಮತ್ತೆ ಆಲೂರು, ಸಕಲೇಶಪುರ ಕಡೆ ರಾತ್ರಿ ತೋಟಕ್ಕೆ ಇಳಿಯುವ ಮುಂಚೆ ಆನೆ ಎಲ್ಲಿದೆ ಅಂತ ಊರಿನವರನ್ನು ಕೇಳಿಕೊಂಡೇ ಹೊರಡಿ. ತಮಾಷೆಗೆ ಹೇಳುತ್ತಿಲ್ಲ.

ಖರ್ಚಿನ ಲೆಕ್ಕಕ್ಕೆ ಬರೋಣ. ಒಂದು ಪೈಸೆ ಇಲ್ಲದೆಯೂ ಶುರು ಮಾಡಬಹುದು. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶ ಉಚಿತ, ಕಣ್ಣು ನಿಮ್ಮದೇ. ಆಮೇಲೆ ಒಂದು 10×50 ಬೈನಾಕ್ಯುಲರ್, 10 ಸಾವಿರದ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಕೃತ್ತಿಕೆ, ಆಂಡ್ರೊಮಿಡಾ ಗೆಲಾಕ್ಸಿ, ಮಹಾವ್ಯಾಧ ಪುಂಜದ ನೆಬ್ಯುಲಾ ಎಲ್ಲ ಅದರಲ್ಲೇ ಕಾಣುತ್ತವೆ. ನಂತರದ್ದು 6 ಅಥವಾ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್, ಅಂದರೆ ಸರಳ ಪೀಠದ ಮೇಲೆ ಕೂರಿಸಿ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪ್. 8 ಇಂಚಿನದಕ್ಕೆ ಅರ್ಧ ಲಕ್ಷದ ಆಸುಪಾಸು ಇಟ್ಟುಕೊಳ್ಳಿ. ಆಕಾಶದ ಫೋಟೋ ತೆಗೆಯುವ ಆಸೆ ಹತ್ತಿದರೆ ಮಾತ್ರ ಲೆಕ್ಕ ಲಕ್ಷಗಳಿಗೆ ಹೋಗುತ್ತದೆ. ಆಕಾಶದ ಜೊತೆ ತಿರುಗುವ ಮೌಂಟ್, ಕ್ಯಾಮೆರಾ, ಫಿಲ್ಟರ್, ಲ್ಯಾಪ್‌ಟಾಪ್ ಹೀಗೆ ಒಂದರ ಹಿಂದೆ ಒಂದು. ಮೊದಲ ಸಂಬಳದಲ್ಲಿ ಇಎಂಐ ಹಾಕಿಸಿಕೊಂಡು ಇದಕ್ಕೆ ಕೈ ಹಾಕಬೇಡಿ. ಯಾವುದನ್ನೇ ಕೊಂಡರೂ ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬದಲ್ಲಿ ಇಡಿ. ನಮ್ಮ ತೇವಕ್ಕೆ ಲೆನ್ಸ್ ಒಳಗೆ ಬೂಷ್ಟು ಹಿಡಿದರೆ ಮುಗೀತು.

ಮಳೆಗಾಲದ ನಾಲ್ಕೈದು ತಿಂಗಳು ಏನು ಮಾಡುವುದು? ಇಲ್ಲಿ ಇಂಜಿನಿಯರ್‌ಗಳಿಗೆ ಒಂದು ಒಳದಾರಿ ಇದೆ. ರೇಡಿಯೋ ಅಲೆಗೆ ಮೋಡ ಅಡ್ಡ ಬರುವುದಿಲ್ಲ. ಆಕಾಶಗಂಗೆಯ ಹೈಡ್ರೋಜನ್ 1,420 ಮೆಗಾಹರ್ಟ್ಸ್‌ನಲ್ಲಿ ಸದಾ ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ಅಲ್ಯೂಮಿನಿಯಂ ಹಾಳೆ ಅಂಟಿಸಿದ ಒಂದು ಹಾರ್ನ್ ಆಂಟೆನಾ, ಸದ್ದು ಕಡಿಮೆ ಇರುವ ಒಂದು ಆಂಪ್ಲಿಫೈಯರ್, ರೇಡಿಯೋ ಸಂಕೇತವನ್ನು ಕಂಪ್ಯೂಟರಿಗೆ ಕೊಡುವ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಆ ಸಂಕೇತ ಓದಲು ಉಚಿತವಾಗಿ ಸಿಗುವ ಗ್ನೂ ರೇಡಿಯೋ ತಂತ್ರಾಂಶ. ಎಲ್ಲ ಸೇರಿ ಒಂದು ಸಾಧಾರಣ ಸ್ಮಾರ್ಟ್‌ಫೋನಿನ ಬೆಲೆ. ಇಷ್ಟರಲ್ಲಿ ಆಕಾಶಗಂಗೆಯ ಸುರುಳಿ ತೋಳುಗಳು ನಮ್ಮ ಕಡೆ ಬರುತ್ತಿವೆಯೋ ದೂರ ಹೋಗುತ್ತಿವೆಯೋ ಅಂತ ಗ್ರಾಫ್‌ನಲ್ಲಿ ನೋಡಬಹುದು. ಇಲೆಕ್ಟ್ರಾನಿಕ್ಸ್‌ನವರಿಗೆ ಇದಕ್ಕಿಂತ ಒಳ್ಳೆ ಫೈನಲ್ ಇಯರ್ ಪ್ರಾಜೆಕ್ಟ್ ನನಗಂತೂ ಗೊತ್ತಿಲ್ಲ. ಸಿಡಿಲಿನ ದಿನ ವೈರ್ ಕಳಚಿಡಿ, ಅಷ್ಟೇ.

ಸುಮ್ನೆ ನೋಡುವುದು ಸಾಕಾಗದವರು ಬೆಳಕು ಏರಿಳಿಯುವ ನಕ್ಷತ್ರಗಳನ್ನು ಅಳೆದು ಎಎವಿಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಘಕ್ಕೆ ಕಳಿಸಬಹುದು. ಆ ಅಂಕಿಗಳನ್ನು ನಿಜವಾದ ಸಂಶೋಧಕರು ಬಳಸುತ್ತಾರೆ. ಕೋಡ್ ಬರೆಯುವವರಿಗೆ ಆಸ್ಟ್ರೋಪೈ ಎಂಬ ಪೈಥಾನ್ ಲೈಬ್ರರಿ (ಖಗೋಳದ ಲೆಕ್ಕಕ್ಕೆ ಸಿದ್ಧ ಕೋಡ್) ಇದೆ, ಯಾರು ಬೇಕಾದರೂ ಕೈ ಜೋಡಿಸಬಹುದು.

ಈ ದಾರಿಯ ಶತ್ರು ಸಂಬಳವೂ ಅಲ್ಲ, ಊರೂ ಅಲ್ಲ, ನೈಟ್ ಶಿಫ್ಟ್. ಅಮೆರಿಕದ ಗ್ರಾಹಕರ ಸಮಯಕ್ಕೆ ಕೂರುವ ಸಪೋರ್ಟ್ ಕೆಲಸ ಹಿಡಿದರೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಒಳ್ಳೆ ರಾತ್ರಿಗಳೆಲ್ಲ ಮೀಟಿಂಗ್‌ನಲ್ಲೇ ಹೋಗುತ್ತವೆ. ಐದಾರು ಸಾವಿರ ಸಂಬಳ ಕಡಿಮೆಯಾದರೂ ಹಗಲು ಕೆಲಸ ಹಿಡಿಯಿರಿ. ಇನ್ನೊಂದು ಆಯ್ಕೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಇಲ್ಲಿಯದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರಾಗುವುದು. ಎಂ.ಟೆಕ್ ಬೇಕು, ಖಾಸಗಿಯಲ್ಲಿ ಸಂಬಳ ಹೇಳಿಕೊಳ್ಳುವಂತಿಲ್ಲ. ಆದರೆ ಲ್ಯಾಬ್ ಇರುತ್ತದೆ, ಹುಡುಗರಿರುತ್ತಾರೆ, ರಾತ್ರಿ ನಿಮ್ಮದೇ.

ದಾರಿ ಎರಡು: ಇಸ್ರೋ ಮತ್ತು ಬಾಹ್ಯಾಕಾಶ ಕಂಪನಿಗಳು

ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಸಂವಹನ, ಹವಾಮಾನ ಉಪಗ್ರಹಗಳನ್ನು ಅವುಗಳ ಕಕ್ಷೆಗೆ ಏರಿಸಿ ನೋಡಿಕೊಳ್ಳುವುದು ಅಲ್ಲಿನ ಕೆಲಸ. ಸೊಗಸಾದ ಇಂಜಿನಿಯರಿಂಗ್. ಆದರೆ ಅಲ್ಲಿ ನಕ್ಷತ್ರದ ಸುದ್ದಿ ಇಲ್ಲ. ಖಗೋಳದ ಉಪಗ್ರಹವಾದ ಆಸ್ಟ್ರೋಸ್ಯಾಟ್ (2015), ಸೂರ್ಯನನ್ನು ನೋಡುವ ಆದಿತ್ಯ-ಎಲ್1 (2023), ಇವುಗಳ ನಿಯಂತ್ರಣ ಬೆಂಗಳೂರಿನಿಂದ.

ಇಸ್ರೋದ ವಿಜ್ಞಾನಿ/ಇಂಜಿನಿಯರ್ 'ಎಸ್‌ಸಿ' (ಇದು ಹುದ್ದೆಯ ಶ್ರೇಣಿಯ ಹೆಸರು, ಮೀಸಲಾತಿಯದಲ್ಲ) ಹುದ್ದೆಗೆ ಈವರೆಗಿನ ಪ್ರಕಟಣೆಗಳು ಬಿ.ಇ.ಯಲ್ಲಿ ಶೇ. 65 ಅಥವಾ 10ಕ್ಕೆ 6.84 ಸಿಜಿಪಿಎ ಕೇಳುತ್ತಾ ಬಂದಿವೆ. ಇಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್‌ನವರಿಗೆ ಹೆಚ್ಚು ಅವಕಾಶ. ಮೂಲ ವೇತನ 56,100 ರೂಪಾಯಿಯಿಂದ ಶುರು, ಭತ್ಯೆ ಬೇರೆ. ಲೋನ್ ಇದ್ದವರಿಗೆ, ಮನೆ ನಡೆಸಬೇಕಾದವರಿಗೆ ಇದು ನೆಮ್ಮದಿಯ ದಾರಿ. ಆದರೆ ಹುದ್ದೆ ಕಡಿಮೆ, ಅರ್ಜಿ ವಿಪರೀತ. ಸಿಕ್ಕರೂ ಯಾವ ಊರು, ಯಾವ ವಿಭಾಗ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಾಸನವೇ ಸಿಗಲಿ ಅಂತ ಹರಕೆ ಹೊತ್ತವರಿಗೆ ತಿರುವನಂತಪುರ ಸಿಗಬಹುದು.

ಇಸ್ರೋ ಒಳಗೇ ಖಗೋಳಕ್ಕೆ ಹತ್ತಿರದ ಮೂಲೆಗಳೂ ಇವೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರು ಎಕ್ಸ್-ರೇ ಉಪಕರಣಗಳನ್ನು ಮಾಡುತ್ತಾರೆ. 2024ರ ಜನವರಿ 1ರಂದು ಹಾರಿದ ಎಕ್ಸ್-ರೇ ಖಗೋಳದ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಒಂದು ಉಪಕರಣ ಅವರದೇ. ನಕ್ಷತ್ರ ನೋಡಿ ಉಪಗ್ರಹಕ್ಕೆ ದಿಕ್ಕು ಹೇಳುವ ಸ್ಟಾರ್ ಸೆನ್ಸರ್‌ಗಳನ್ನೂ ಬೆಂಗಳೂರಿನ ಇನ್ನೊಂದು ಇಸ್ರೋ ಪ್ರಯೋಗಾಲಯದಲ್ಲಿ ಮಾಡುತ್ತಾರೆ. ಪಿಕ್ಸೆಲ್, ದಿಗಂತರದಂತಹ ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಒಳಗೆ ಹೋಗುವುದು ಇಸ್ರೋಗಿಂತ ಬೇಗ ಆಗಬಹುದು, ನೆಮ್ಮದಿ ಮಾತ್ರ ಅಷ್ಟಿಲ್ಲ.

ನೋಡುವ ಹುಚ್ಚಿನವರಿಗೆ ನನ್ನ ಮಾತು: ಇಸ್ರೋ ಸೇರಿದರೂ ನಿಮ್ಮ ಬೈನಾಕ್ಯುಲರ್ ಮಾರಬೇಡಿ. ಆಕಾಶದ ಆಸೆ ತೀರಿಸುವುದು ಅದೇ.

ದಾರಿ ಮೂರು: ಖಗೋಳ ಸಂಸ್ಥೆಯಲ್ಲಿ ಇಂಜಿನಿಯರ್

ನಮ್ಮವರು ಬಹುತೇಕ ಮರೆತೇಬಿಡುವ ದಾರಿ ಇದು. ಕಟ್ಟುವುದರಲ್ಲಿ ಖುಷಿ ಪಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಒಂದು ದೊಡ್ಡ ಟೆಲಿಸ್ಕೋಪ್ ನಡೆಯಬೇಕಾದರೆ ಇಂಜಿನಿಯರ್‌ಗಳ ಪಡೆಯೇ ಬೇಕು. ಪುಣೆಯಿಂದ 80 ಕಿಲೋಮೀಟರ್ ದೂರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ಎಂಬ ರೇಡಿಯೋ ಟೆಲಿಸ್ಕೋಪನ್ನೇ ನೋಡಿ. ತಲಾ 45 ಮೀಟರ್ ಅಗಲದ 30 ಡಿಶ್. ಅವುಗಳ ಮೋಟಾರು, ಆಂಟೆನಾ, ರಿಸೀವರ್, ಫೈಬರ್, ಎಲ್ಲ ಡಿಶ್‌ನ ಸಂಕೇತವನ್ನು ಕೂಡಿಸುವ ಡಿಜಿಟಲ್ ಯಂತ್ರ, ಎಲ್ಲದಕ್ಕೂ ಇಂಜಿನಿಯರ್‌ಗಳೇ. ಬೆಂಗಳೂರಿನ ಭಾರತೀಯ ತಾರಾ ಭೌತವಿಜ್ಞಾನ ಸಂಸ್ಥೆ ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಟೆಲಿಸ್ಕೋಪ್ ಇಟ್ಟಿದೆ. ಅದನ್ನು ಓಡಿಸುವುದು ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಆದಿತ್ಯ-ಎಲ್1ರ ಮುಖ್ಯ ಉಪಕರಣ, ಸೂರ್ಯನ ಹೊರವಲಯ (ಕರೋನಾ) ನೋಡುವ 190 ಕಿಲೋ ತೂಕದ ವಿಇಎಲ್‌ಸಿ, ರೂಪುಗೊಂಡಿದ್ದು ಅದೇ ಹೊಸಕೋಟೆ ಆವರಣದಲ್ಲಿ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಎಕ್ಸ್‌ಪೋಸ್ಯಾಟ್‌ಗೆ ಪೋಲಿಕ್ಸ್ ಎಂಬ ಎಕ್ಸ್-ರೇ ಉಪಕರಣ ಮಾಡಿಕೊಟ್ಟಿತು. ಗೌರಿಬಿದನೂರಿನಲ್ಲಿ ರೇಡಿಯೋ ವೀಕ್ಷಣಾಲಯ ಇದೆ. ಹೊಸಕೋಟೆ, ಸದಾಶಿವನಗರ, ಗೌರಿಬಿದನೂರು ಮೂರೂ ಬಸ್ಸಿನಲ್ಲಿ ಹೋಗಿ ಬರುವ ದೂರ.

ಮುಂದೆ ಬರುವ ಕೆಲಸವೂ ಇದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ಏಳುತ್ತಿರುವ ಎಸ್‌ಕೆಎ ರೇಡಿಯೋ ಟೆಲಿಸ್ಕೋಪ್‌ಗೆ ಭಾರತ 1,250 ಕೋಟಿ ರೂಪಾಯಿಯ ಪಾಲು ಹಾಕುತ್ತಿದೆ. ಅದರ ನಿಯಂತ್ರಣ ತಂತ್ರಾಂಶದಲ್ಲಿ ನಮ್ಮವರ ಕೈ ದೊಡ್ಡದು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಗುರುತ್ವದ ಅಲೆಗಳನ್ನು ಹಿಡಿಯಲು ಕಟ್ಟುವ ಲೈಗೋ-ಇಂಡಿಯಾಕ್ಕೆ 2023ರಲ್ಲಿ 2,600 ಕೋಟಿಗೆ ಒಪ್ಪಿಗೆ ಸಿಕ್ಕಿತು. ನಿರ್ವಾತ ಕೊಳವೆ, ಲೇಸರ್, ಕಂಪನ ತಡೆಯುವ ವ್ಯವಸ್ಥೆ, ಹೀಗೆ ಸಿವಿಲ್‌ನವರಿಂದ ಹಿಡಿದು ಎಲ್ಲರಿಗೂ ಕೆಲಸ.

ತೊಂದರೆ ಎಲ್ಲಿ? ಖಾಯಂ ಹುದ್ದೆ ಅಪರೂಪ. ಬಹಳ ಜನ ಒಂದೆರಡು ವರ್ಷದ ಪ್ರಾಜೆಕ್ಟ್ ಹುದ್ದೆಯಿಂದ ಶುರು ಮಾಡುತ್ತಾರೆ. ಗೆಳೆಯರ ಐಟಿ ಸಂಬಳ ಕೇಳಿ ಹೊಟ್ಟೆ ಉರಿಯಬಹುದು. ಇನ್ನೊಂದು, ಪೇಪರಿನಲ್ಲಿ ಹೆಸರು ಬರುವುದು ವಿಜ್ಞಾನಿಯದು. ನಿಮ್ಮ ರಿಸೀವರ್ ಸರಿಯಾಗಿ ಕೆಲಸ ಮಾಡಿದರೆ ಯಾರೂ ನಿಮ್ಮನ್ನು ನೆನೆಯುವುದಿಲ್ಲ, ಕೆಟ್ಟರೆ ರಾತ್ರಿ ಎರಡಕ್ಕೆ ಫೋನ್ ಬರುತ್ತದೆ. ಆದರೆ ವಾಪಸ್ ಬರುವ ದಾರಿ ಈ ನಾಲ್ಕರಲ್ಲೇ ಚೆನ್ನಾಗಿರುವುದು ಇಲ್ಲಿ. ಎಫ್‌ಪಿಜಿಎ (ಬೇಕಾದಂತೆ ಮಾರ್ಪಡಿಸಬಹುದಾದ ಚಿಪ್), ಆರ್‌ಎಫ್ (ರೇಡಿಯೋ ಸರ್ಕ್ಯೂಟ್), ನಿಯಂತ್ರಣ ತಂತ್ರಾಂಶ ಕಲಿತವರನ್ನು ಹೊರಗಿನ ಕಂಪನಿಗಳು ಖುಷಿಯಿಂದ ತೆಗೆದುಕೊಳ್ಳುತ್ತವೆ. ಹಾಗಾಗಿ ಎರಡು ವರ್ಷ ಪ್ರಯತ್ನಿಸಿ ನೋಡಿದರೆ ಕಳೆದುಕೊಳ್ಳುವುದು ಸ್ವಲ್ಪ ದುಡ್ಡು ಮಾತ್ರ.

ಒಳಹೋಗುವ ಬಾಗಿಲು ಓದುವಾಗಲೇ ತೆರೆದಿರುತ್ತದೆ. ಜಿಎಂಆರ್‌ಟಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತದೆ. ರಾಮನ್ ಸಂಸ್ಥೆಯಲ್ಲಿ ಅತಿಥಿ ವಿದ್ಯಾರ್ಥಿ ಯೋಜನೆ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್‌ಗೆ ಬಿ.ಇ. ಓದುವವರೂ ಅರ್ಜಿ ಹಾಕಬಹುದು. ಬೇಸಿಗೆ ಹತ್ತಿರ ಬಂದಾಗ ನೆನಪಾದರೆ ತಡವಾಗಿರುತ್ತದೆ, ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಹೋಗಬೇಕು. ಮೇಲೆ ಹೇಳಿದ ಹಾರ್ನ್ ಆಂಟೆನಾ ಕಟ್ಟಿದ್ದರೆ ಅದರ ಗ್ರಾಫ್ ಅರ್ಜಿ ಜೊತೆ ಲಗತ್ತಿಸಿ. ಹತ್ತು ಸರ್ಟಿಫಿಕೇಟ್‌ಗಿಂತ ಅದು ಜಾಸ್ತಿ ಮಾತಾಡುತ್ತದೆ.

ದಾರಿ ನಾಲ್ಕು: ಪೂರ್ತಿ ಖಗೋಳ ವಿಜ್ಞಾನಿಯಾಗುವುದು

ಬಿ.ಇ. ಮಾಡಿದವರು ಖಗೋಳದಲ್ಲಿ ಪಿಎಚ್‌ಡಿ ಮಾಡಬಹುದಾ? ಮಾಡಬಹುದು. ಜೆಸ್ಟ್ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆಯ ಮೂಲಕ ಪಿಎಚ್‌ಡಿಗೆ ತೆಗೆದುಕೊಳ್ಳುವ ಹಲವು ಸಂಸ್ಥೆಗಳು ಇಂಜಿನಿಯರ್‌ಗಳನ್ನೂ ತೆಗೆದುಕೊಳ್ಳುತ್ತವೆ. ಪುಣೆಯ ಖಗೋಳ ಸಂಸ್ಥೆಗಳಾದ ಐಯುಕಾ ಮತ್ತು ಎನ್‌ಸಿಆರ್‌ಎಗೂ ಬಾಗಿಲಿದೆ. ಪರೀಕ್ಷೆ ಮಾತ್ರ ಭೌತಶಾಸ್ತ್ರದ್ದು. ಕ್ವಾಂಟಂ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ನಮ್ಮ ಬಿ.ಇ. ಸಿಲಬಸ್‌ನಲ್ಲಿ ಹೆಸರಿಗಷ್ಟೇ. ಅವನ್ನು ನೀವೇ ಕೂತು ಓದಬೇಕು, ಒಂದು ವರ್ಷವಾದರೂ ಹಿಡಿಯುತ್ತದೆ.

ಶುರುವಿನಲ್ಲಿ ತಿಂಗಳಿಗೆ 37,000, ಎರಡು ವರ್ಷದ ನಂತರ 42,000 ರೂಪಾಯಿ ಫೆಲೋಶಿಪ್. ಒಬ್ಬರ ಜೀವನಕ್ಕೆ ಸಾಲುತ್ತದೆ. ಲೋನ್ ತೀರಿಸುತ್ತಾ ಮನೆಗೂ ಕಳಿಸಬೇಕು ಅಂದರೆ ಸಾಲುವುದಿಲ್ಲ. ಪಿಎಚ್‌ಡಿಗೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ), ಅದೂ ಬಹುಪಾಲು ಹೊರದೇಶದಲ್ಲಿ. ಖಾಯಂ ಕೆಲಸ ಸಿಗುವ ಹೊತ್ತಿಗೆ ಮೂವತ್ತೈದು ಹತ್ತಿರ ಬಂದಿರುತ್ತದೆ, ಸಿಗದೆಯೂ ಇರಬಹುದು. ಹಾಸನಕ್ಕೆ ವಾಪಸ್ ಬಂದು ಖಗೋಳ ಸಂಶೋಧನೆ ಮಾಡುತ್ತಾ ಇರುವುದು ಸದ್ಯಕ್ಕೆ ಕನಸೇ. ಇನ್ನೊಂದು ವಿಚಿತ್ರ ಅಂದರೆ ಇಂದಿನ ಖಗೋಳ ವಿಜ್ಞಾನಿ ಆಕಾಶ ನೋಡುವುದೇ ಕಡಿಮೆ. ದಿನವಿಡೀ ಕಂಪ್ಯೂಟರ್ ಮುಂದೆ ಡೇಟಾ ನೋಡುತ್ತಾರೆ. ಕತ್ತಲಲ್ಲಿ ನಿಲ್ಲುವ ಖುಷಿಗೆ ಈ ದಾರಿ ಹಿಡಿದರೆ ನಿರಾಸೆ ಖಂಡಿತ. ಪ್ರಶ್ನೆ ತಲೆ ಕೊರೆಯುತ್ತಿದ್ದರೆ ಮಾತ್ರ ಬೇರೆ ಯಾವ ದಾರಿಯೂ ಸಮಾಧಾನ ಕೊಡುವುದಿಲ್ಲ, ಆಗ ಹೋಗಲೇಬೇಕು.

ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಕೆಲಸದಲ್ಲಿದ್ದುಕೊಂಡೇ ಮೂರು ತಿಂಗಳು ವಾರಕ್ಕೆ ಹತ್ತು ಗಂಟೆ ಜೆಸ್ಟ್‌ನ ಹಳೆ ಪ್ರಶ್ನೆಪತ್ರಿಕೆ ಬಿಡಿಸಿ. ಖುಷಿಯಾಗುತ್ತಿದೆಯಾ, ಕೆಲಸ ಬಿಡುವ ಮಾತು ಆಮೇಲೆ ಆಡಬಹುದು. ಬೇಸರ ಬಂತಾ, ಮೂರನೇ ದಾರಿ ಇನ್ನೊಮ್ಮೆ ಓದಿ.

ಲೋನ್ ಇರುವವರು, ಪಿಯುಸಿಯವರು

ಲೋನ್ ಜಾಸ್ತಿ ಇದ್ದು ಮನೆ ಜವಾಬ್ದಾರಿಯೂ ಇದ್ದರೆ ಕೈಯಲ್ಲಿರುವ ಕೆಲಸಕ್ಕೆ ಸೇರಿ. ಎರಡು ವರ್ಷದಲ್ಲಿ ಲೋನ್ ಹಗುರ ಮಾಡಿಕೊಂಡು, ಜೊತೆಗೆ ಇಸ್ರೋ ಅರ್ಜಿಯನ್ನೂ ಹಾಕುತ್ತಿರಿ. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 28, ಅದನ್ನು ಮರೆಯಬೇಡಿ. ಮನೆಯಲ್ಲಿ ಅನುಕೂಲ ಇದ್ದು, ಕೈಯಲ್ಲಿ ಕೆಲಸ ಮಾಡುವ ಚಪಲ ಇದ್ದರೆ ಪ್ರಾಜೆಕ್ಟ್ ಹುದ್ದೆಗೆ ಹೋಗಿ. ತೋಟ ಬಿಟ್ಟು ಹೋಗಲಾರೆ ಅನ್ನುವವರಿಗೆ ಮೊದಲ ದಾರಿ ಒಂದೇ, ಅದಕ್ಕೆ ಬೇಸರ ಪಡುವ ಅಗತ್ಯ ಏನೂ ಇಲ್ಲ.

ಪಿಯುಸಿಯಲ್ಲೇ ಇದ್ದು, ವಿಜ್ಞಾನಿಯೇ ಆಗಬೇಕು ಅಂತ ಗಟ್ಟಿಯಾಗಿ ಗೊತ್ತಿದ್ದರೆ ಬಿ.ಇ. ಸುತ್ತುದಾರಿ. ಐಸರ್ (ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳು) ಅಥವಾ ಬೆಂಗಳೂರಿನ ಐಐಎಸ್‌ಸಿಯಲ್ಲಿ ಭೌತಶಾಸ್ತ್ರ ನೇರ ದಾರಿ. ಇಂಜಿನಿಯರಿಂಗೂ ಬೇಕು, ಆಕಾಶವೂ ಬೇಕು ಅನ್ನುವವರಿಗೆ ತಿರುವನಂತಪುರದ ಐಐಎಸ್‌ಟಿ ಎಂಬ ಬಾಹ್ಯಾಕಾಶ ತಂತ್ರಜ್ಞಾನ ಸಂಸ್ಥೆ ಇದೆ. ಖಗೋಳಕ್ಕೇ ಬೇರೆ ವಿಭಾಗ ಇರುವ ಐಐಟಿ ಇಂದೋರ್ ಇದೆ. ಎರಡಕ್ಕೂ ಜೆಇಇ ಅಡ್ವಾನ್ಸ್ಡ್ ಬರೆಯಬೇಕು. ಅಲ್ಲಿ ಆಗದೆ ಸಿಇಟಿಯಲ್ಲಿ ಇಲ್ಲೇ ಸೀಟು ಸಿಕ್ಕಿದರೆ ಇಲೆಕ್ಟ್ರಾನಿಕ್ಸ್ ತೆಗೆದುಕೊಳ್ಳಿ. ಮೇಲಿನ ನಾಲ್ಕೂ ದಾರಿಗೆ ಅದು ಹತ್ತಿರ, ಕೋಡಿಂಗ್ ಆಮೇಲೂ ಕಲಿಯಬಹುದು. ಕಾಲೇಜು ನೋಡಲು ಹೋದಾಗ ಪ್ಲೇಸ್‌ಮೆಂಟ್ ಪಟ್ಟಿ ಹೇಗೂ ಅವರೇ ತೋರಿಸುತ್ತಾರೆ. ನೀವು ಕಮ್ಯುನಿಕೇಶನ್ ಲ್ಯಾಬಿಗೆ ಹೋಗಿ, ರೇಡಿಯೋ ಸಂಕೇತ ಅಳೆಯುವ ಸ್ಪೆಕ್ಟ್ರಮ್ ಅನಲೈಸರ್ ಇದೆಯಾ, ಹುಡುಗರಿಗೆ ಅದನ್ನು ಮುಟ್ಟಲು ಬಿಡುತ್ತಾರಾ ಅಂತ ಕೇಳಿ.